ಎಕ್ಕದ ಎಲೆಯ ಕೆಳಗೆ

ಉಮ್ಮತ್ತೂರು
8 ಜೂನ್ 2025, ಭಾನುವಾರ

ಸೊಸೆ ಶಿವರಂಜಿನಿಗೆ ನಿನ್ನ ಸೋದರಮಾವ ಚೆಲುವಯ್ಯ ಬರೆಯುವುದು.

ದಸರೆಯ ಅಂಬಾರಿ ಆನೆಗೆ ಮುಂಗಾಲು ಉಳುಕಿದಾಗ ಮೈಸೂರಿನಿಂದ ಜೀಪು ಬಂದು ನಿಂತದ್ದು ನಮ್ಮ ಜಗಲಿಯ ಮುಂದೆ. ನಿನ್ನಮ್ಮ ಇದನ್ನು ನಿನಗೆ ಹೇಳಿರದಿದ್ದರೆ ಅದು ಅವಳ ಹೊಟ್ಟೆಕಿಚ್ಚು. ಅಂಗೈಗೆ ಹರಳೆಣ್ಣೆ ಸವರಿಕೊಂಡು ಒಂದೇ ಒಂದು ಸಲ ನೀವಿದೆ, ಏಳಪ್ಪ ಅಂದೆ, ಎದ್ದು ಹೋಯಿತು. ಅಂಥ ಕೈಗೆ ಈಗ ನೀನು ಪೆನ್ನು ಕೊಟ್ಟು ಕಾಗದ ಬರೆ ಅನ್ನುತ್ತೀಯ. ಬರೆಯೋಣ. ಏಳನೇ ಕ್ಲಾಸಿನವರೆಗೆ ನಮ್ಮೂರ ಶಾಲೆಯಲ್ಲಿ ನನ್ನಷ್ಟು ದುಂಡಗೆ ಬರೆದವರಿಲ್ಲ, ಮೇಷ್ಟರನ್ನೂ ಸೇರಿಸಿ.

ಫೋನು ಮಾಡಿದರೆ ಮಾವ ತನ್ನ ವಿಷಯವನ್ನೇ ಹೇಳಿ ಮುಗಿಸುತ್ತಾನೆ, ಅತ್ತೆಯ ವಿಷಯ ಬರುವುದೇ ಇಲ್ಲ ಎಂದು ನೀನು ಅಂದೆಯಂತೆ. ಶಶಿಕುಮಾರ ಹೇಳಿದ. ಮಗ ಅಂತ ಒಬ್ಬನಿದ್ದು, ನಿಮ್ಮ ಗುಂಡ್ಲುಪೇಟೆಯ ಗ್ಯಾರೇಜಿನಲ್ಲಿ ವಾರವೆಲ್ಲ ದುಡಿದು ಶನಿವಾರ ಊರಿಗೆ ಬಂದರೆ, ಅಪ್ಪನಿಗೆ ತರುವುದು ಇಂಥ ಮಾತು. ಇರಲಿ, ನಿನ್ನ ಅತ್ತೆಯ ವಿಷಯ ಕೇಳು. ಸೊಂಟದ ಮೂಳೆಗೆ ಆ ಕಾಯಿಲೆ ಇಳಿದ ಮೇಲೆ ರಾಚಮ್ಮ ಗೋಡೆ ಕಡೆ ತಿರುಗಿ ಮಲಗಿದ್ದವಳು ತಿರುಗಿ ನೋಡುತ್ತಿರಲಿಲ್ಲ. ಚಾಮರಾಜನಗರದ ಡಾಕ್ಟರು ಬರೆದುಕೊಟ್ಟು, ನೀನು ನಿನ್ನ ಔಷಧಿ ಅಂಗಡಿಯಿಂದ ಕೊಟ್ಟ ಆ ನೋವಿನ ಪ್ಯಾಚನ್ನು ಹೋದ ಭಾನುವಾರ ಹೆಗಲಿಗೆ ಅಂಟಿಸಿದೆವು. ಎರಡು ದಿನ ಏನೂ ಇಲ್ಲ. ಮೂರನೇ ದಿನ ತಾನೇ ಎದ್ದು ಹೊಸ್ತಿಲ ಮೇಲೆ ಕೂತು ಬೆಳ್ಳುಳ್ಳಿ ಸುಲಿದಳು. ನಿದ್ದೆ ಇದೆ. ಊಟ ಇದೆ. ಹೊಟ್ಟೆ ಮಾತ್ರ ಕಟ್ಟಿದೆ.

ಇವತ್ತು ಹೊಸದು ಅಂಟಿಸಿ, ಹಳೆಯದನ್ನು ಕಿತ್ತು ಜಗಲಿಯ ಕಂಬಕ್ಕೆ ಅಂಟಿಸಿದ್ದೇನೆ. ಅಂಟು ಗಟ್ಟಿ, ಬೀಳಲಿಲ್ಲ. ಇನ್ನು ಮೇಲೆ ನಾಲ್ಕನ್ನು ಒಟ್ಟಿಗೇ ಕಳಿಸಿಬಿಡು. ಮನೆಯ ಅಂಗಡಿ ತಾನೆ.

ಉಳುಕು ತೆಗೆಸಿಕೊಳ್ಳಲು ಈಗ ಜನ ಬರುವುದಿಲ್ಲ. ವಯಸ್ಸಾಯಿತು, ಬರಬೇಡಿ ಎಂದು ನಾನೇ ಹೇಳಿದ್ದೇನೆ. ಇಷ್ಟು ಬರೆಯುವಾಗ ರಾಚಮ್ಮ ಒಳಗಿನಿಂದ, "ಕೈ ಬೆಳ್ಳು ಮಡಚಕ್ಕಾಗಕಿಲ್ಲ, ಇಡಿದ್ರೆ ಇಡ್ತ ನಿಲ್ಲಕಿಲ್ಲ, ಅದ್ಕೇ ಜನ ಬರಕಿಲ್ಲ ಅಂತ ಬರೀರಿ" ಎಂದಳು. ಅದನ್ನು ಬರೆಯುವುದಿಲ್ಲ.

ಚೆಲುವಯ್ಯ


ಗುಂಡ್ಲುಪೇಟೆ
13 ಜೂನ್ 2025, ಶುಕ್ರವಾರ

ಮಾವನಿಗೆ ನಮಸ್ಕಾರ.

ಆನೆಯ ವಿಷಯ ಅಮ್ಮನನ್ನು ಕೇಳಿದೆ. ಅದು ಎತ್ತು ಅಂದಳು.

ನಾಲ್ಕು ಒಟ್ಟಿಗೆ ಕಳಿಸಲಾಗುವುದಿಲ್ಲ. ವಾರಕ್ಕೆ ಒಂದು, ಹಳೆಯದು ನನ್ನ ಕೈಗೆ ಬಂದ ಮೇಲೆ ಹೊಸದು. ಈ ಪ್ಯಾಚು ಒಯ್ಯುವ ಎಲ್ಲ ಮನೆಯವರಿಗೂ ನಾನು ಹೇಳುವುದು ಇದನ್ನೇ. ಅಂಗಡಿ ನನ್ನದಾದರೂ ಈ ಔಷಧಿ ನನ್ನ ಇಷ್ಟದಂತೆ ಕೊಡುವಂಥದ್ದಲ್ಲ. ಇದು ಅಫೀಮಿನ ಜಾತಿಗೆ ಸೇರಿದ್ದು. ಅತ್ತೆಯ ಕ್ಯಾನ್ಸರ್ ನೋವಿಗೆ ಡಾಕ್ಟರು ಲೆಕ್ಕ ಹಾಕಿ ಬರೆದಿದ್ದಾರೆ. ಆ ಲೆಕ್ಕ ಅತ್ತೆಯ ಮೈಗೆ ಮಾತ್ರ.

ಕಂಬಕ್ಕೆ ಅಂಟಿಸಿದ್ದನ್ನು ಈಗಲೇ ತೆಗೆದು, ಅಂಟು ಒಳಗೆ ಬರುವಂತೆ ಮಡಚಿ, ಕವರಿನಲ್ಲಿ ಹಾಕಿ ಶಶಿಕುಮಾರನ ಕೈಯಲ್ಲಿ ಕಳಿಸಿ. ಹೊಸದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ. ಕತ್ತರಿಸಬೇಡಿ. ಅಂಟಿಸಿದ ಜಾಗಕ್ಕೆ ಶಾಖ ಕೊಡಬೇಡಿ, ಬಿಸಿನೀರಿನ ಚೀಲ ಇಡಬೇಡಿ. ಬಿಸಿ ತಗುಲಿದರೆ ವಾರದಲ್ಲಿ ಇಳಿಯಬೇಕಾದ ಔಷಧಿ ಬೇಗ ಬೇಗ ಮೈಗೆ ಇಳಿಯುತ್ತದೆ. ಹೆಂಡ, ಬ್ರಾಂದಿ, ನಿದ್ದೆ ಮಾತ್ರೆ ಇದರ ಜೊತೆ ಕೂಡದು. ಗೊರಕೆ ಎಳೆದು ಎಳೆದು, ನಿಂತು ನಿಂತು ಬಂದರೆ, ತುಟಿ ಕಪ್ಪಿಟ್ಟರೆ, ಅಲುಗಿಸಿದರೂ ಏಳದಿದ್ದರೆ ಪ್ಯಾಚು ಕಿತ್ತು, ಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನು ಮಾಡಬೇಕು. ಆಮೇಲೆ ನನಗೆ. ಅಂಥ ಹೊತ್ತಿನಲ್ಲಿ ಕಾಗದ ಬರೆಯುತ್ತಾ ಕೂರಬೇಡಿ.

ಹೊಟ್ಟೆ ಕಟ್ಟುವುದು ಇದರ ಗುಣ. ಡಾಕ್ಟರು ಬರೆದ ಪುಡಿಯನ್ನು ರಾತ್ರಿ ತಪ್ಪಿಸಬೇಡಿ. ಈ ಕಾಗದವನ್ನು ಅತ್ತೆಗೆ ಓದಿ ಹೇಳಿ.

ಶಿವರಂಜಿನಿ


ಉಮ್ಮತ್ತೂರು
22 ಜೂನ್ 2025, ಭಾನುವಾರ

ಔಷಧಿ ಅಂಗಡಿಯ ಅಮಲ್ದಾರಳಾದ ಶಿವರಂಜಿನಿಗೆ,

ಅದು ಎತ್ತೇ ಇರಬಹುದು, ಆದರೆ ಆನೆಯಷ್ಟು ದೊಡ್ಡದಿತ್ತು.

ನಿನ್ನ ಕಾಗದವನ್ನು ರಾಚಮ್ಮನಿಗೆ ಓದಿದೆ. ಸುಮ್ಮನೆ ಓದಲಿಲ್ಲ, ಸೊಂಟದ ಮೇಲೆ ಕೈ ಇಟ್ಟು, ಕನ್ನಡಕ ಮೂಗಿನ ತುದಿಗೆ ಇಳಿಸಿ, ನಿನ್ನ ದನಿಯಲ್ಲೇ, "ಕತ್ತರಿಸಬೇಡಿ. ಶಾಖ ಕೊಡಬೇಡಿ. ಗೊರಕೆ ನಿಂತು ನಿಂತು ಬಂದರೆ" ಎಂದು ಗೊರಕೆಯನ್ನೂ ಹೊಡೆದು ತೋರಿಸಿದೆ. ಎಷ್ಟೋ ತಿಂಗಳ ಮೇಲೆ ಅವಳು ನಕ್ಕಳು. "ಇನ್ನೊಂದ್ಸಲ ಓದಿ" ಅಂದಳು. ಓದಿದೆ. ಈಗ ದಿನಾ ಸಂಜೆ ನಮ್ಮ ಮನೆಯಲ್ಲಿ ಟೀವಿ ಬದಲು ನಿನ್ನ ಕಾಗದ.

ಎರಡು ಹಳೆಯ ಪ್ಯಾಚು ಮಡಚಿ ಕಳಿಸಿದ್ದೇನೆ. ಮೊದಲನೆಯದು, ಆ ಕಂಬದ್ದು, ಕಾಗೆ ಕಚ್ಚಿಕೊಂಡು ಹೋಯಿತು. ನಮ್ಮೂರ ಕಾಗೆಗಳು ಸೋಪನ್ನೇ ಬಿಡುವುದಿಲ್ಲ.

ಒಂದು ಸಂತೋಷದ ಸಮಾಚಾರ. ನನ್ನ ಕೈಗುಣ ವಾಪಸು ಬಂದಿದೆ. ಮರಿಮಲ್ಲಪ್ಪ ಅರಿಶಿನದ ಹೊಲದ ಬದುವಿನಿಂದ ಜಾರಿ ಕಾಲು ಉಳುಕಿಸಿಕೊಂಡು, ಬೇರೆ ದಾರಿ ಇಲ್ಲದೆ ಬಂದ. "ಚೆಲುವಣ್ಣ, ನಿನ್ ಕೈಲಾಗಕಿಲ್ಲ ಅಂತ ಗೊತ್ತು, ಆದ್ರೂ ಬಂದಿವ್ನಿ ಕನಾ" ಅಂದ. "ಬಂದ್ಮೇಲೆ ಬಾಯ್ಮುಚ್ಕೊಂಡು ಕೂತ್ಕೊಳ್ಲಾ" ಅಂದೆ. ನೀವಿ, ಹೆಂಚಿನ ಮೇಲೆ ಬಿಸಿ ಮಾಡಿದ ಎಕ್ಕದ ಎಲೆ ಇಟ್ಟು ಬಟ್ಟೆ ಕಟ್ಟಿದೆ. ಮಾರನೆಯ ದಿನ ಬಂದವನು, "ಕಾಲೇ ಇಲ್ವೇನೋ ಅನ್ನಂಗೆ ನಿದ್ದೆ ಮಾಡ್ಬುಟ್ಟೆ ಕನಣ್ಣ" ಅಂದ. ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ನಾನೇನೂ ಹೇಳಿ ಕಳಿಸಿಲ್ಲ.

ಎರಡು ಪ್ರಶ್ನೆ. ಅಫೀಮು ಅಂದರೆ ತಾನು ಚಟಗಾತಿ ಆಗಿಬಿಡುತ್ತೇನಾ ಎಂದು ರಾಚಮ್ಮ ಕೇಳುತ್ತಾಳೆ. ಇನ್ನೊಂದು ನನ್ನದು, ಸುಮ್ಮನೆ ಕುತೂಹಲ. ಒಂದು ವಾರ ಮೈಮೇಲಿದ್ದ ಪ್ಯಾಚಿನಲ್ಲಿ ಇನ್ನೇನು ಉಳಿದಿರುತ್ತದೆ? ಸೋಸಿದ ಟೀ ಚರಟದ ಹಾಗಲ್ಲವೇ? ಅದಕ್ಕೆ ಇಷ್ಟು ಮರ್ಯಾದೆ ಯಾಕೆ?

ಚೆಲುವಯ್ಯ


ಗುಂಡ್ಲುಪೇಟೆ
27 ಜೂನ್ 2025, ಶುಕ್ರವಾರ

ಮಾವನಿಗೆ,

ಅತ್ತೆಗೆ ಹೇಳಿ: ನೋವಿಗೆ ಬೇಕಾದಷ್ಟನ್ನು ಡಾಕ್ಟರು ಹೇಳಿದ ಹಾಗೆ ತೆಗೆದುಕೊಳ್ಳುವುದು ಚಟವಲ್ಲ. ತಾವಾಗಿಯೇ ತಟ್ಟನೆ ನಿಲ್ಲಿಸಬಾರದು, ತಾವಾಗಿಯೇ ಹೆಚ್ಚು ಮಾಡಿಕೊಳ್ಳಲೂ ಬಾರದು. ಹೆದರಿಕೊಂಡು ನೋವು ನುಂಗುವುದು ಬೇಡ. ಏನಾದರೂ ಬದಲಾಗಿದೆ ಅನಿಸಿದರೆ ನನಗೆ ಹೇಳಲಿ, ನಾನು ಡಾಕ್ಟರನ್ನು ಕೇಳುತ್ತೇನೆ.

ನಿಮ್ಮ ಪ್ರಶ್ನೆ ಒಳ್ಳೆಯದು. ಟೀ ಚರಟದ ಹಾಗಲ್ಲ. ವಾರ ಕಳೆದ ಪ್ಯಾಚಿನಲ್ಲೂ ಔಷಧಿಯ ದೊಡ್ಡ ಪಾಲು ಉಳಿದಿರುತ್ತದೆ. ಅಭ್ಯಾಸವಿಲ್ಲದ ಮೈಗೆ ಅಪಾಯ ಮಾಡುವಷ್ಟು ಉಳಿದಿರುತ್ತದೆ. ಮಗು ಹೆಕ್ಕಿ ಬಾಯಿಗಿಟ್ಟರೆ ಪ್ರಾಣಕ್ಕೇ ಬರಬಹುದು. ಹಳೆಯದನ್ನು ನಾನು ವಾಪಸು ಕೇಳುವುದು ಅದಕ್ಕೇ.

ಮರಿಮಲ್ಲಪ್ಪನ ಕಾಲು ವಾಸಿಯಾದದ್ದು ಸಂತೋಷ. ಊತ ಇಳಿಯದಿದ್ದರೆ ಎಕ್ಸ್‌ರೇ ತೆಗೆಸಲಿ.

ಇಲ್ಲಿ ಸೂರ್ಯಕಾಂತಿ ಹೂ ಬಿಡುತ್ತಿದೆ. ಊಟಿ ರಸ್ತೆಯುದ್ದಕ್ಕೂ ಕೇರಳದ ಕಾರುಗಳು ನಿಂತು ಫೋಟೊ ತೆಗೆಸಿಕೊಳ್ಳುತ್ತಿವೆ. ಅಂಗಡಿಯಲ್ಲಿ ತಲೆನೋವಿನ ಮಾತ್ರೆ ಬಿಟ್ಟು ಬೇರೆ ವ್ಯಾಪಾರವಿಲ್ಲ.

ಶಿವರಂಜಿನಿ


ಉಮ್ಮತ್ತೂರು
6 ಜುಲೈ 2025, ಭಾನುವಾರ

ಶಿವರಂಜಿನಿಗೆ,

ಜಗಲಿಯಲ್ಲಿ ಕೂರಲು ಜಾಗವಿಲ್ಲದ ಕಾರಣ ಈ ಕಾಗದವನ್ನು ಹಿತ್ತಿಲಲ್ಲಿ ಕೂತು ಬರೆಯುತ್ತಿದ್ದೇನೆ. ಕುದೇರಿನಿಂದ ಬಂದಿದ್ದಾರೆ, ಚಾಮರಾಜನಗರದಿಂದ ಬಂದಿದ್ದಾರೆ. ನಿಮ್ಮ ಕಡೆಯ ಭೀಮನಬೀಡಿನ ಗುರುಮಲ್ಲಮ್ಮ ಎಂಬವಳು ಮಗಳ ಮನೆಗೆ ಬಂದಿದ್ದವಳು, ಮೊಣಕೈ ನೋವು ಎಂದು ತೋರಿಸಿದಳು. ಎಲೆ ಕಟ್ಟಿದೆ. ಹೋಗುವಾಗ ಊರಿಗೆ ಇನ್ನೊಂದು ಎಲೆ ಬೇಕೆಂದು ಕೇಳಿ ಕಟ್ಟಿಸಿಕೊಂಡು ಹೋದಳು. ಯಾರ ಹತ್ತಿರವೂ ಕಾಸು ಮುಟ್ಟುವುದಿಲ್ಲ. ಮುಟ್ಟಿದರೆ ಕೈಗುಣ ಹೋಗುತ್ತದೆ ಎಂದು ನಮ್ಮಪ್ಪ ಹೇಳಿದ್ದು. ವೀಳ್ಯದೆಲೆ ಅಡಿಕೆ ಸಾಕು. ಅದೇ ಎಷ್ಟಾಗಿದೆ ಅಂದರೆ, ಇಡೀ ಬೀದಿ ಬಾಯಿ ಕೆಂಪು ಮಾಡಿಕೊಂಡು ತಿರುಗುತ್ತಿದೆ.

ಹೋದ ವಾರದ ಹಳೆಯ ಪ್ಯಾಚನ್ನು ಕೋಳಿ ತಿಂದಿತು. ಹ್ಯಾಟೆಕೋಳಿ, ಕೆಂಚು ಬಣ್ಣದ್ದು. ಎರಡು ದಿನ ಅದು ಮೊಟ್ಟೆಯನ್ನೂ ಇಡಲಿಲ್ಲ, ಯಾರಿಗೂ ಹೆದರಲೂ ಇಲ್ಲ. ಈ ವಾರದ್ದು ರಾಚಮ್ಮ ಮೈ ತೊಳೆಯುವಾಗ ಬಿದ್ದು ಚರಂಡಿ ಪಾಲಾಯಿತು. ಹೀಗೆಲ್ಲ ಆಗುತ್ತದೆಂದು ನಿನ್ನ ಪುಸ್ತಕದಲ್ಲಿ ಬರೆದಿಲ್ಲವೇ?

ರಾಚಮ್ಮನಿಗೆ ಸುಖ. ನೋವು ಕಡಿಮೆ. ಜಗಲಿಯ ಮಾತೆಲ್ಲ ಕಿಟಕಿಯಲ್ಲಿ ಕೇಳಿಸಿಕೊಂಡು, ಯಾರು ಯಾರ ಮನೆಯ ಸುದ್ದಿ ಏನು ಎಂದು ಸಂಜೆ ನನಗೇ ಹೇಳುತ್ತಾಳೆ.

ಚೆಲುವಯ್ಯ


ಗುಂಡ್ಲುಪೇಟೆ
11 ಜುಲೈ 2025, ಶುಕ್ರವಾರ

ಮಾವನಿಗೆ,

ಕಾಗೆ, ಕೋಳಿ, ಚರಂಡಿ. ಮೂರು ಹಳೆಯ ಪ್ಯಾಚು ನನಗೆ ಬಂದಿಲ್ಲ.

ಅತ್ತೆಯ ನೋವಿನ ಔಷಧಿಯನ್ನು ನಾನು ನಿಲ್ಲಿಸುವುದಿಲ್ಲ, ಅದಕ್ಕೆ ಹೆದರಬೇಡಿ. ಈ ವಾರದ್ದನ್ನೂ ಕಳಿಸಿದ್ದೇನೆ. ಆದರೆ ಡಾಕ್ಟರಿಗೆ ವಿಷಯ ತಿಳಿಸಿದ್ದೇನೆ.

ನೇರವಾಗಿ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಬೆರಳಿನ ಗೆಣ್ಣು, ಮಂಡಿ, ಎರಡೂ ನೋವು ಎಂದು ನನಗೆ ಗೊತ್ತು. ಹಳೆಯ ಪ್ಯಾಚನ್ನು ನೀವು ಅಂಟಿಸಿಕೊಳ್ಳುತ್ತಿದ್ದೀರಾ? ಹಾಗಿದ್ದರೆ ಅದು ನಾಚಿಕೆಪಡುವ ವಿಷಯವಲ್ಲ. ನೋವಿರುವವರು ಕೈಗೆ ಸಿಕ್ಕಿದ್ದನ್ನು ಹಚ್ಚಿಕೊಳ್ಳುತ್ತಾರೆ. ನನ್ನ ಕೌಂಟರಿನಲ್ಲಿ ದಿನಾ ನೋಡುತ್ತೇನೆ. ಹೇಳಿದರೆ ಬೇರೆ ದಾರಿ ಮಾಡಬಹುದು.

ಶಿವರಂಜಿನಿ


ಉಮ್ಮತ್ತೂರು
13 ಜುಲೈ 2025, ಭಾನುವಾರ

ಮಗಳೇ ಶಿವರಂಜಿನಿ,

ನಿನ್ನ ಬುದ್ಧಿ ದೊಡ್ಡದು. ಎಲ್ಲೋ ಗುಂಡ್ಲುಪೇಟೆಯಲ್ಲಿ ಕೂತು ಉಮ್ಮತ್ತೂರಿನ ಮಂಡಿ ನೋಡಿಬಿಟ್ಟೆ. ಹೌದು, ಒಪ್ಪಿಕೊಂಡೆ. ಮೂರನ್ನೂ ನನ್ನ ಮಂಡಿಗೇ ಅಂಟಿಸಿಕೊಂಡದ್ದು. ಆಮೇಲೆ ಒಲೆಗೆ ಹಾಕಿದೆ. ಗಂಡಸು, ಅದರಲ್ಲೂ ಊರಿನ ಉಳುಕು ತೆಗೆಯುವವನು, ನನಗೇ ನೋವು ಎಂದು ಹೇಳಿಕೊಳ್ಳಲು ಆಗುತ್ತದೆಯೇ? ಕಾಗೆ ಕೋಳಿಯ ಮೇಲೆ ಹಾಕಿದೆ. ಇನ್ನು ಮುಂದೆ ಇಲ್ಲ. ಈ ವಾರದ್ದನ್ನು ನೀನು ಹೇಳಿದ ಹಾಗೆಯೇ ಮಡಚಿ ಕಳಿಸಿದ್ದೇನೆ, ಎಣಿಸಿಕೋ.

ಇದನ್ನು ಶಶಿಕುಮಾರನಿಗೆ ಹೇಳಬೇಡ. ನಿನ್ನಮ್ಮನಿಗಂತೂ ಹೇಳಲೇಬೇಡ.

ಚೆಲುವಯ್ಯ


ಗುಂಡ್ಲುಪೇಟೆ
18 ಜುಲೈ 2025, ಶುಕ್ರವಾರ

ಮಾವನಿಗೆ,

ಹೇಳಿದ್ದು ಒಳ್ಳೆಯದಾಯಿತು. ಕವರು ಬಂತು, ಮಡಚಿದ್ದನ್ನು ಬಿಡಿಸದೆ ಉಳಿದವುಗಳ ಜೊತೆ ಇಟ್ಟಿದ್ದೇನೆ. ಅಮ್ಮನಿಗೆ ಹೇಳಿಲ್ಲ.

ಶಶಿಕುಮಾರನಿಗೆ ಮಾತ್ರ ಅರ್ಧ ಹೇಳಬೇಕಾಯಿತು. ಇನ್ನು ಮೇಲೆ ಭಾನುವಾರ ಅವನೇ ಅತ್ತೆಗೆ ಹೊಸದನ್ನು ಅಂಟಿಸಿ, ಹಳೆಯದನ್ನು ಅಲ್ಲೇ ಮಡಚಿ ಜೇಬಿಗೆ ಹಾಕಿಕೊಂಡು ಬರುತ್ತಾನೆ. ನಿಮ್ಮ ಕಣ್ಣಿಗೆ ಬೀಳದಿದ್ದರೆ ನಿಮಗೂ ಸುಲಭ. ನಿಮ್ಮ ಮಂಡಿಗೆ ಮುಂದಿನ ತಿಂಗಳು ಚಾಮರಾಜನಗರದಲ್ಲಿ ಮೂಳೆ ಡಾಕ್ಟರ ಹತ್ತಿರ ಹೋಗೋಣ, ನಾನೂ ಬರುತ್ತೇನೆ.

ನಿಮ್ಮ ಹೆಸರು ಇಲ್ಲಿಗೂ ಬಂದಿದೆ. ಭೀಮನಬೀಡಿನ ಗುರುಮಲ್ಲಮ್ಮ ಅಂಗಡಿಗೆ ಬಂದಿದ್ದರು. "ಅವ್ವಾ, ಉಮ್ಮತ್ತೂರ್ ಚೆಲುವಯ್ಯ ಕಟ್ಟೋ ಎಲೆ ನಿಮ್ಮತ್ರ ಸಿಕ್ತದಾ? ಕಟ್ಕೊಂಡಾಗ ಎಲ್ಲಾ ತೇಲ್ದಂಗಿತ್ತು, ಬುಟ್ಮೇಲೆ ಮೈಯೆಲ್ಲಾ ನವೆ, ವಾಕರಿಕೆ" ಎಂದರು. ಎಕ್ಕದ ಹಾಲು ಕೆಲವರ ಚರ್ಮಕ್ಕೆ ಆಗುವುದಿಲ್ಲ ಎಂದು ಹೇಳಿ, ನವೆಗೆ ಮುಲಾಮು ಕೊಟ್ಟು ಕಳಿಸಿದೆ. ಅಂಥವರಿಗೆ ಎಲೆ ಕಟ್ಟಬೇಡಿ.

ಶಿವರಂಜಿನಿ


ಉಮ್ಮತ್ತೂರು
27 ಜುಲೈ 2025, ಭಾನುವಾರ

ಶಿವರಂಜಿನಿಗೆ,

ಶಶಿಕುಮಾರ ನಿನ್ನ ಪೊಲೀಸು. ಅಪ್ಪನನ್ನು ಕೋಣೆಯಿಂದ ಹೊರಗೆ ಕಳಿಸಿ ಅಮ್ಮನಿಗೆ ಪ್ಯಾಚು ಹಾಕುತ್ತಾನೆ. ಹಾಕಲಿ.

ಹೋದ ವಾರ ಇಬ್ಬರು ಎಲೆ ಕಟ್ಟಿಸಿಕೊಂಡು ಹೋಗಿ, ಮಾರನೆಯ ದಿನ ಬಂದು, "ಮೊದ್ಲಿನಂಗೆ ಇಡೀಲಿಲ್ವಲ್ಲಣ್ಣ, ಕೈ ಬದ್ಲಾಯ್ತಾ?" ಎಂದು ಕೇಳಿದರು. ಮರಿಮಲ್ಲಪ್ಪ ಎಲ್ಲರ ಎದುರಿಗೆ, "ಅದು ಕಾಲ ಕಾಲಕ್ಕೆ ಬಂದೋಯ್ತದೆ ಕನ್ರಪ್ಪ, ಕರೆಂಟಿದ್ದಂಗೆ" ಅಂದ. ನಕ್ಕರು. ನಾನೂ ನಕ್ಕೆ.

ಬುಧವಾರ ಕುದೇರಿನ ಶಿವಮಲ್ಲು ಬರುತ್ತಾನಂತೆ. ಟ್ರಾಕ್ಟರು ಓಡಿಸುವ ಆಳು, ಬೆನ್ನು ಹಿಡಿದು ತಿಂಗಳಾಗಿದೆ. ನಾಲ್ಕು ಜನರನ್ನು ಕರೆದುಕೊಂಡು ಬರುತ್ತಾನಂತೆ, ಚೆಲುವಯ್ಯನ ಕೈ ಎಂಥದ್ದು ನೋಡಿ ಎಂದು ತೋರಿಸಲು.

ರಾಚಮ್ಮ ಚೆನ್ನಾಗಿದ್ದಾಳೆ. ಬರೆಯಲು ಬೇರೇನೂ ಇಲ್ಲ.

ಚೆಲುವಯ್ಯ


ಗುಂಡ್ಲುಪೇಟೆ
2 ಆಗಸ್ಟ್ 2025, ಶನಿವಾರ

ಮಾವನಿಗೆ,

ಗುರುವಾರ ಬೆಳಗ್ಗೆ ನೀವು ಫೋನು ಮಾಡಿದಾಗ ನಾನು ಉಸಿರಿನ ವಿಷಯ ಬಿಟ್ಟು ಬೇರೇನನ್ನೂ ಕೇಳಲಿಲ್ಲ. ಆಂಬುಲೆನ್ಸು ಬರುವವರೆಗೆ ನಾನು ಹೇಳಿದ ಹಾಗೆಲ್ಲ ನೀವು ಮಾಡಿದಿರಿ. ಶಿವಮಲ್ಲುವಿಗೆ ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು, ಅಫೀಮಿನ ಅಮಲು ಇಳಿಸುವ ಮದ್ದು ಹನಿ ಹನಿಯಾಗಿ ಕೊಟ್ಟಿದ್ದಾರೆ. ಇವತ್ತು ಎದ್ದು ಕೂತು ಗಂಜಿ ಕುಡಿದಿದ್ದಾನೆ. ಇನ್ನೊಂದು ದಿನ ಇಟ್ಟುಕೊಂಡು ಕಳಿಸುತ್ತಾರೆ. ಬೆನ್ನಿನ ಮೇಲೆ ಏನಿತ್ತು ಎಂದು ಅಲ್ಲಿನ ಡಾಕ್ಟರಿಗೆ ನಾನೇ ಹೇಳಿದೆ.

ಈಗ ಕೇಳುತ್ತಿದ್ದೇನೆ. ಅವನ ಬೆನ್ನಿನ ಮೇಲೆ ಪ್ಯಾಚಿದೆ ಎಂದು ನೀವು ಫೋನಿನಲ್ಲಿ ಅಂದಾಗಲೇ ನಿಮ್ಮ ಮಂಡಿಯ ಕಥೆ ಸುಳ್ಳು ಎಂದು ಗೊತ್ತಾಯಿತು. ಪ್ಯಾಚನ್ನು ಚೂರು ಮಾಡಿ ಎಲೆಯ ಕೆಳಗೆ ಇಟ್ಟು ಕಟ್ಟುತ್ತಿದ್ದಿರಿ. ಗುರುಮಲ್ಲಮ್ಮ ಬಂದು ತೇಲಿದ ಹಾಗಿತ್ತು, ನವೆ, ವಾಕರಿಕೆ ಎಂದಾಗ ನಾನು ಇನ್ನೆರಡು ಪ್ರಶ್ನೆ ಕೇಳಬೇಕಿತ್ತು. ಕೇಳಲಿಲ್ಲ. ತಪ್ಪನ್ನು ಎಲೆಯ ಮೇಲೆ ಹಾಕಿ ಮುಗಿಸಿದೆ.

ಜನರ ಮನೆಯಲ್ಲಿ ಇನ್ನೂ ಚೂರುಗಳು ಇರಬಹುದು. ಅವು ಮಕ್ಕಳ ಕೈಗೆ ಸಿಗುವ ಮೊದಲು ವಾಪಸು ಬರಬೇಕು. ಒಟ್ಟು ಎಷ್ಟು ಪ್ಯಾಚು ಹೋಗಿವೆ ಎಂದು ತಿಳಿಯದೆ ಹುಡುಕುವುದನ್ನು ಎಲ್ಲಿಗೆ ನಿಲ್ಲಿಸಬೇಕು ಎಂದು ಗೊತ್ತಾಗುವುದಿಲ್ಲ. ಎಷ್ಟು?

ಶಿವರಂಜಿನಿ


ಉಮ್ಮತ್ತೂರು
3 ಆಗಸ್ಟ್ 2025, ಭಾನುವಾರ

ಶಿವರಂಜಿನಿಗೆ,

ನಡೆದದ್ದನ್ನು ಬರೆಯುತ್ತೇನೆ. ಶಶಿಕುಮಾರ ಹಳೆಯವನ್ನೆಲ್ಲ ಒಯ್ಯತೊಡಗಿದ ಮೇಲೆ ನನ್ನ ಹತ್ತಿರ ಎಲೆ ಮಾತ್ರ ಉಳಿಯಿತು. ಬುಧವಾರ ಸಂಜೆ ಶಿವಮಲ್ಲು ನಾಲ್ವರ ಜೊತೆ ಬಂದ. ಬರುವಾಗಲೇ ಒಂದು ಕ್ವಾರ್ಟರು ಹಾಕಿಕೊಂಡಿದ್ದ. ಜಗಲಿ ತುಂಬಿತ್ತು. ರಾಚಮ್ಮ ನಿದ್ದೆಯಲ್ಲಿದ್ದಾಳೆ ಅಂದುಕೊಂಡು ಅವಳ ಹೆಗಲಿನದನ್ನು ಕಿತ್ತು, ಆ ಜಾಗಕ್ಕೆ ಸಾದಾ ಪ್ಲಾಸ್ಟರು ಅಂಟಿಸಿದೆ. ಒಂದು ರಾತ್ರಿಗೆ ತಾನೆ, ಬೆಳಗ್ಗೆ ವಾಪಸು ಹಾಕಿದರಾಯಿತು ಎಂದು. ಅದನ್ನು ಇವನ ಬೆನ್ನಿಗೆ ಇಡಿಯಾಗಿ ಹಾಕಿದೆ. ಮೇಲೆ ಬಿಸಿ ಎಲೆ, ಅದರ ಮೇಲೆ ಉಪ್ಪಿನ ಗಂಟಿನ ಶಾಖ. ಜಗಲಿಯಲ್ಲೇ ಮಲಗಿದ. ಜೊತೆಯವರು ಹೋದರು.

ಬೆಳಗ್ಗೆ ನಾನು ಹಲ್ಲುಜ್ಜುತ್ತಿದ್ದೆ. ಒಳಗಿನಿಂದ ರಾಚಮ್ಮ ಕೂಗಿದಳು.

"ಇವ್ರೇ, ಆ ಗೊರಕೆ ಯಾರ್ದು?"

"ಶಿವಮಲ್ಲುದು ಕಣಮ್ಮಿ. ವಳ್ಳೆ ನಿದ್ದೆ."

"ವಳ್ಳೆ ನಿದ್ದೆ ಅಲ್ಲ ಅದು. ನಿಂತು ನಿಂತು ಬತ್ತಾ ಅದೆ. ನೀವೇ ಒಡ್ದು ತೋರಿಸ್ತಿದ್ರಲ್ಲ, ಅಂಗೇ ಅದೆ. ತುಟಿ ನೋಡಿ."

ನೋಡಿದೆ. ನೇರಳೆ ಹಣ್ಣು ತಿಂದವನ ಹಾಗಿತ್ತು. ಅಲುಗಿಸಿದೆ, ಏಳಲಿಲ್ಲ. ರಾಚಮ್ಮ ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಬಂದಳು. ನಿನ್ನ ಕಾಗದದಲ್ಲಿರುವುದನ್ನು ಒಂದು ಅಕ್ಷರ ಬಿಡದೆ ಹೇಳಿದಳು: "ಕಿತ್ತಾಕಿ. ಮಗ್ಗುಲಿಗೆ ಮಲಗ್ಸಿ. ನೂರೆಂಟಕ್ಕೆ ಮಾಡಿ. ಆಮೇಲೆ ರಂಜಿನಿಗೆ." ನಾನು ತಮಾಷೆಗೆ ಓದಿದ್ದನ್ನು ಅವಳು ಉರು ಹೊಡೆದಿದ್ದಳು.

ಆಂಬುಲೆನ್ಸು ಹೋದ ಮೇಲೆ ಅವಳು ಬಾಗಿಲಲ್ಲೇ ಕುಸಿದು ಕೂತಳು. ರಾತ್ರಿಯೆಲ್ಲ ನೋವು ತಿಂದಿದ್ದಳು.

"ಕಿತ್ತಾಗ ಗೊತ್ತಾಗ್ಲಿಲ್ವಾ?" ಅಂದೆ.

"ನನ್ ಚರ್ಮಕ್ಕೆ ಗೊತ್ತಾಗ್ದೆ ಇದ್ದಾತಾ?"

"ಮತ್ತ್ಯಾಕೆ ಸುಮ್ಮನಿದ್ದೆ?"

"ಜಗಲಿ ತುಂಬಾ ಜನ ಇದ್ರು. ನಿಮ್ ಗಂಟ್ಲು ಮೊದ್ಲಿನಂಗೆ ಕೇಳ್ತಾ ಇತ್ತು. ಒಂದ್ ರಾತ್ರಿ ತಾನೆ ಅಂದ್ಕೊಂಡೆ."

ಸಂಜೆ ಶಶಿಕುಮಾರ ನಿನ್ನ ಹತ್ತಿರ ಹೊಸದು ಪಡೆದುಕೊಂಡು ಬಂದ. ಈಗ ಟ್ರಂಕಿನ ಬೀಗದ ಕೈ ರಾಚಮ್ಮನ ಸೆರಗಿನ ಗಂಟಿನಲ್ಲಿದೆ. ನಾನು ಕೇಳಿಲ್ಲ, ಅವಳು ಕೊಟ್ಟಿಲ್ಲ.

ಎಷ್ಟು ಎಂದು ಕೇಳಿದ್ದೀಯ. ಎಲ್ಲ ಸೇರಿ ಎರಡೋ ಮೂರೋ ಇರಬಹುದು.

ಚೆಲುವಯ್ಯ


ಗುಂಡ್ಲುಪೇಟೆ
8 ಆಗಸ್ಟ್ 2025, ಶುಕ್ರವಾರ

ಮಾವನಿಗೆ,

ಇವತ್ತು ವರಮಹಾಲಕ್ಷ್ಮಿ ಹಬ್ಬ, ಅಂಗಡಿ ಅರ್ಧ ದಿನ. ಭೀಮನಬೀಡಿಗೆ ಹೋಗಿದ್ದೆ. ಗುರುಮಲ್ಲಮ್ಮ ಊರಿಗೆ ತಂದ ಎಲೆಯನ್ನು ಕಟ್ಟಿಕೊಂಡಾದ ಮೇಲೂ ಎಸೆದಿರಲಿಲ್ಲ. ಒಣಗಿದ ಎಲೆ, ಅದರ ಒಳಗೆ ಚೂರು, ಎರಡನ್ನೂ ಸೇರಿಸಿ ಅಕ್ಕಿ ಡಬ್ಬದಲ್ಲಿ ಇಟ್ಟಿದ್ದರು, ಕೈಗುಣ ಇದೆ ಎಂದು. ಆ ಡಬ್ಬದಿಂದ ಅಕ್ಕಿ ಅಳೆಯುವುದು ಅವರ ಮೊಮ್ಮಗಳು. ಅಕ್ಕಿಯನ್ನೂ ಚೆಲ್ಲಿಸಿ ಬಂದೆ.

ಹೋದ ಭಾನುವಾರ ಶಶಿಕುಮಾರ ನಿಮ್ಮೂರಿನಲ್ಲಿ ಮನೆ ಮನೆಗೆ ಹೋಗಿ ತಂದ ಚೂರುಗಳನ್ನೂ ಇದರ ಜೊತೆ ಜೋಡಿಸಿ ನೋಡಿದೆ. ಕಾಗೆ, ಕೋಳಿ, ಚರಂಡಿ, ಮೂರು ಪ್ಯಾಚನ್ನೂ ತುಂಬಿದ ಮೇಲೆ ಇನ್ನೊಂದು ಪ್ಯಾಚಿನ ಮೂಲೆ ಉಳಿಯುತ್ತದೆ. ಶಿವಮಲ್ಲುವಿನ ಬೆನ್ನಿನಿಂದ ಕಿತ್ತು ಅವನ ಜೊತೆ ಕಳಿಸಿದ್ದು ಇಡಿಯಾಗಿ ಆಸ್ಪತ್ರೆಯಿಂದ ಬಂತು. ಈ ಮೂಲೆ ಅದರದಲ್ಲ.

ಎರಡೋ ಮೂರೋ ಎಂಬುದು ಉತ್ತರವಲ್ಲ. ಡಾಕ್ಟರು ಅತ್ತೆಗೆ ಪ್ಯಾಚು ಮುಂದುವರಿಸಲು ಒಪ್ಪಿದ್ದಾರೆ. ಮನೆಯವರ ಮಾತು ನಂಬಬಹುದೇ ಎಂದು ನನ್ನನ್ನು ಕೇಳಿದರು. ಸೋಮವಾರ ಹೇಳುತ್ತೇನೆ ಎಂದಿದ್ದೇನೆ.

ಶಿವರಂಜಿನಿ


ಉಮ್ಮತ್ತೂರು
10 ಆಗಸ್ಟ್ 2025, ಭಾನುವಾರ

ಶಿವರಂಜಿನಿಗೆ,

ಶಿವಮಲ್ಲು ನಿನ್ನೆ ಬಂದಿದ್ದ. ಬೈಯುತ್ತಾನೆ ಅಂದುಕೊಂಡಿದ್ದೆ. "ಅಣ್ಣ, ಬೆನ್ನು ಅಂಗೇ ಅದೆ. ಆದ್ರೆ ಅವತ್ತು ರಾತ್ರಿ ಮಾಡಿದ್ ನಿದ್ದೆ ಇನ್ಯಾವತ್ತೂ ಮಾಡಿಲ್ಲ ಕನಣ್ಣ, ಇನ್ನೊಂದ್ಸಲ ಕಟ್ಟೀಯಾ?" ಅಂದ. ನನಗೆ ಹೆದರಿಕೆಯಾದದ್ದು ಆಗ. ಚಾಮರಾಜನಗರದ ಬಸ್ಸು ತೋರಿಸಿ, ಅಲ್ಲಿ ಬೆನ್ನಿನ ಡಾಕ್ಟರಿಗೆ ತೋರಿಸು ಎಂದು ಕಳಿಸಿದೆ. ಅವನು ಹೋಗುತ್ತಾನೋ ಇಲ್ಲವೋ. ನೀನೊಮ್ಮೆ ಫೋನು ಮಾಡು, ನಿನ್ನ ಮಾತಾದರೆ ಕೇಳಿಯಾನು.

ಇವತ್ತು ಜಗಲಿಯಲ್ಲಿ ಮರಿಮಲ್ಲಪ್ಪ ಒಬ್ಬನೇ ಇದ್ದ. ಉಳುಕು ಗಿಳುಕು ಏನೂ ಇಲ್ಲ, ಸುಮ್ಮನೆ ಕೂತಿದ್ದ. ಪ್ಯಾಚಿನ ವಿಷಯ ಅವನಿಗೆ ನಾನೇ ಹೇಳಿದೆ. ಅಡಿಕೆ ಅಗಿಯುತ್ತಾ, "ಅಂಗಾರೆ ನನ್ ಕಾಲು ವಾಸಿ ಮಾಡಿದ್ದು ನೀನಲ್ಲ, ನಿನ್ ಎಂಡ್ರು" ಅಂದ. ಒಳಗಿನಿಂದ ರಾಚಮ್ಮ, "ಅಂಗಾರೆ ವೀಳ್ಯದೆಲೆ ಒಳಕ್ ಕಳ್ಸಿ" ಅಂದಳು.

ಎರಡು ದಿನದಿಂದ ಶಶಿಕುಮಾರ ಹೋಗದ ಮನೆಗಳಿಗೆಲ್ಲ ನಾನು ಹೋಗಿ ಬಂದೆ. ಕೆಲವರು ಸುಟ್ಟಿದ್ದರು. ಒಬ್ಬರು ದನದ ಕೊರಳಿಗೆ ಕಟ್ಟಿದ್ದರು, ಬಿಚ್ಚಿಸಿದೆ. ಸಿಕ್ಕಿದ ಚೂರುಗಳು ಕವರಿನಲ್ಲಿವೆ, ಮಡಚಿದ್ದು ರಾಚಮ್ಮ.

ಈಗ ನಿನ್ನ ಪ್ರಶ್ನೆ. ಕಾಗೆ ಏನೂ ಒಯ್ಯಲಿಲ್ಲ. ಕೋಳಿ ನಿರಪರಾಧಿ. ಚರಂಡಿಗೆ ಹೋದದ್ದು ಬರಿಯ ನೀರು. ಆ ಮೂರು ಎಲೆಯ ಕೆಳಗೆ ಹೋದವು. ಶಿವಮಲ್ಲುವಿನ ಬೆನ್ನಿನದು ನಾಲ್ಕನೆಯದು. ನಿನ್ನ ಲೆಕ್ಕ ಅಲ್ಲಿಗೆ ನಿಂತು, ಒಂದು ಮೂಲೆ ಮಿಕ್ಕಿದೆ. ಮಂಡಿಗೆ ಅಂಟಿಸಿಕೊಂಡೆ ಎಂದು ಒಪ್ಪಿಕೊಂಡು ಬರೆದೆನಲ್ಲ, ಆ ಕಾಗದದ ಜೊತೆ ಚೆನ್ನಾಗಿ ಮಡಚಿ ಒಂದನ್ನು ಕಳಿಸಿದ್ದೆ, ಎಣಿಸಿಕೋ ಅಂದಿದ್ದೆ. ನೀನು ಬಿಡಿಸಿ ನೋಡಲಿಲ್ಲ. ಈಗ ಬಿಡಿಸಿ ನೋಡು. ಅದು ನಮ್ಮೂರ ಅಂಗಡಿಯ ಸಾದಾ ಪ್ಲಾಸ್ಟರು. ಆ ವಾರದ ಅಸಲಿಯೂ ಎಲೆಯ ಕೆಳಗೇ ಹೋಯಿತು, ಮಿಕ್ಕ ಮೂಲೆ ಅದರದು.

ಡಾಕ್ಟರಿಗೆ ಐದು ಎಂದು ಹೇಳು.

ಚೆಲುವಯ್ಯ